ತುಕ್ಕಿನ ತಾಕಿನ ಮೇಸ್ತ್ರಿ

ಲೋಕವೆಲ್ಲ ಬೆಳೆ ಬೆಳೆದು ಹೊಟ್ಟೆ ಹೊರೆದರೆ ಮೇಸ್ತ್ರಿ ರೋಗ ಬೆಳೆದು ಸಂಸಾರ ಸಾಕಿದ. ಇದು ಯಾರೋ ಆಗದವರು ಕಟ್ಟಿದ ಕುಹಕವಲ್ಲ, ಅವನ ಉದ್ಯೋಗವೇ ಅದು. ಸರ್ಕಾರದ ಗೋಧಿ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ, ನೀರಿನ ಟ್ಯಾಂಕಿನ ಆಚೆಗೆ, ತಂತಿಬೇಲಿ ಹಾಕಿದ ಒಂದು ತಾಕು ಇತ್ತು. ಗೋಧಿಗೆ ಬರುವ ತುಕ್ಕು ರೋಗವನ್ನು ಅಲ್ಲಿ ಪ್ರತಿವರ್ಷ ಬೇಕೆಂದೇ ಬರಿಸುತ್ತಿದ್ದರು. ಅದಕ್ಕೆ ತುಕ್ಕಿನ ತಾಕು ಎಂದೇ ಹೆಸರು. ಬರಿಸುವವನು ಮೇಸ್ತ್ರಿ.

ಕೇಂದ್ರದ ವಿಜ್ಞಾನಿ ಮೇಡಂ ಬೇರೆ ಬೇರೆ ಗೋಧಿಗಳನ್ನು ಕೂಡಿಸಿ ಹೊಸ ತಳಿಗಳನ್ನು ಹುಟ್ಟಿಸುತ್ತಿದ್ದರು. ಪ್ರತಿ ತಳಿಗೂ ತಾಕಿನಲ್ಲಿ ಒಂದೊಂದು ಸಾಲು. ನಡುನಡುವೆ, ಪಕ್ಕದವರು ಸೀನಿದರೆ ತಾನು ಜ್ವರ ಬರಿಸಿಕೊಳ್ಳುವಂಥ ಒಂದು ಹಳೆಯ ಗೋಧಿ. ಹಿಂದಿನ ವರ್ಷ ಜೋಪಾನವಾಗಿ ಎತ್ತಿಟ್ಟ ತುಕ್ಕಿನ ಪುಡಿಯನ್ನು ಮೇಸ್ತ್ರಿ ಮುಖಕ್ಕೆ ಹಚ್ಚುವ ಪೌಡರಿನಲ್ಲಿ ಬೆರೆಸಿ, ಸಂಜೆ ಗಾಳಿ ನಿಂತ ಮೇಲೆ ಆ ಹಳೆಯ ಗೋಧಿಗೆ ಉದುರಿಸಬೇಕು. ಎಲೆ ಒದ್ದೆಯಾಗಿರಲೆಂದು ಸಣ್ಣಗೆ ನೀರು ಸಿಂಪಡಿಸಿ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು. ಕೆಲವು ದಿನಕ್ಕೆ ಎಲೆಯ ಮೇಲೆ ಗುಳ್ಳೆ ಎದ್ದು, ಒಡೆದು, ಕೆಂಪು ಪುಡಿ ಹಾರಿ ಅಕ್ಕಪಕ್ಕದ ಸಾಲುಗಳ ಮೇಲೆ ಕೂರುತ್ತದೆ. ಸೋತ ತಳಿ ಕಸದ ಗುಂಡಿಗೆ, ತಡೆದುಕೊಂಡದ್ದು ಮುಂದಿನ ವರ್ಷದ ಪರೀಕ್ಷೆಗೆ. ಹೀಗೆ ಸೋಸಿ ಸೋಸಿ ಒಂದು ಒಳ್ಳೆಯ ತಳಿ ರೈತರ ಕೈ ಸೇರುವಷ್ಟರಲ್ಲಿ, ಕೆಲಸ ಶುರುವಾದ ವರ್ಷ ಹುಟ್ಟಿದ ಮಗುವಿಗೆ ಮೀಸೆ ಮೂಡಿರುತ್ತದೆ.

"ನಿಮ್ಮ ಗೋಧಿಗೆ ಮೆತ್ತೋ ಪೌಡರಲ್ಲಿ ಅರ್ಧ ನನಗೆ ಮೆತ್ತಿದ್ರೂ ನಾನೂ ಒಬ್ಬಳು ರೂಪವತಿ ಆಗ್ತಿದ್ದೆ" ಎಂದು ಹೆಂಡತಿ ಆಗಾಗ ಹಂಗಿಸುತ್ತಿದ್ದಳು. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ಕತ್ತರಿಯಷ್ಟೇ ಚೂಪು ನಾಲಿಗೆ.

ಮೇಸ್ತ್ರಿ ಹುಟ್ಟಿದ್ದು ರೈತರ ಮನೆಯಲ್ಲಿ. ಹೀಗಾಗಿ ಈ ಕೆಲಸ ಮೊದಮೊದಲು ಅವನ ಹೊಟ್ಟೆಗೆ ಇಳಿಯಲೇ ಇಲ್ಲ. ಸೇರಿದ ಮೊದಲ ಹಂಗಾಮಿನಲ್ಲೇ, ಕಾಯಿಲೆಯಿಂದ ಕೆಂಪಗಾಗಿ ತೂರಾಡುತ್ತಿದ್ದ ಹಳೆಯ ಗೋಧಿಯ ಸಾಲುಗಳನ್ನು ನೋಡಲಾರದೆ, ಒಂದು ಬೆಳಗ್ಗೆ ಬೇಗ ಬಂದು ಅಷ್ಟನ್ನೂ ಬೇರುಸಹಿತ ಕಿತ್ತು ಸುಟ್ಟುಹಾಕಿದ. ಪಕ್ಕದ ಒಳ್ಳೆಯ ಸಾಲುಗಳಿಗೆ ಅಂಟದಿರಲಿ ಎಂಬ ಕಾಳಜಿ. ಶಾಭಾಸ್ ಎನ್ನುತ್ತಾರೆಂದು ಬೂದಿಯ ಪಕ್ಕದಲ್ಲೇ ಕಾದು ನಿಂತಿದ್ದ. ಆಗಿನ್ನೂ ಹೊಸಬರಾಗಿದ್ದ ಮೇಡಂ ಬಂದು ನೋಡಿ ಬದುವಿನ ಮೇಲೆ ಕುಕ್ಕರಿಸಿ ಕೂತುಬಿಟ್ಟರು. ರೋಗ ಹಬ್ಬಿಸುವ ಸಾಲೇ ಇಲ್ಲದ ಮೇಲೆ ಆ ವರ್ಷದ ಪರೀಕ್ಷೆ ಮಣ್ಣುಪಾಲಾಯಿತು. ಆದರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. "ಇಷ್ಟು ಕನಿಕರ ಇರೋನು ಕೆಲಸ ಕಲಿತ್ರೆ ಚೆನ್ನಾಗಿ ಕಲೀತಾನೆ" ಎಂದರು. ಕಲಿತ.

ತಾಯಿ ಬೇಗ ತೀರಿಹೋದ್ದರಿಂದ ತಂಗಿಯನ್ನು ಬೆಳೆಸಿದವನು ಅವನೇ. ಹತ್ತಿರದ ಹಳ್ಳಿಯ ಅನುಕೂಲಸ್ಥ ಗೋಧಿ ರೈತನಿಗೆ ಅವಳನ್ನು ಕೊಟ್ಟಿದ್ದ. ಗಂಡ ಒಳ್ಳೆಯವನೇ. ಕುಡಿಯುವವನಲ್ಲ, ಕೈ ಎತ್ತುವವನಲ್ಲ. ಆದರೆ ಹೊಲದ ವಿಷಯಕ್ಕೆ ಬಂದರೆ ಅವನಿಗೆ ತನ್ನ ಅಪ್ಪ ಹೇಳಿದ್ದೇ ವೇದವಾಕ್ಯ. ಹೆಂಡತಿ ಬಿತ್ತನೆಗೂ ಬೇಕು, ಕಳೆಗೂ ಬೇಕು, ಒಕ್ಕಣೆಗೂ ಬೇಕು, ಅವಳ ಮಾತಿಗೆ ಮಾತ್ರ ಕಿಲುಬು ಕಾಸಿನ ಬೆಲೆಯೂ ಇರಲಿಲ್ಲ. ಅವಳು ಏನಾದರೂ ಹೇಳಹೊರಟರೆ ಅವನು ಸಿಟ್ಟಾಗುತ್ತಿರಲಿಲ್ಲ, ನಗುತ್ತಿದ್ದ. ಸಿಟ್ಟಾದರೆ ಜಗಳವಾದರೂ ಆಡಬಹುದು, ನಕ್ಕರೆ ಏನು ಮಾಡುವುದು?

ಇದು ಹೀಗಿರುವಾಗ ಕೇಂದ್ರಕ್ಕೆ ಹಣಕಾಸಿನ ಕಡೆಯಿಂದ ಒಬ್ಬ ಅಧಿಕಾರಿ ಬಂದರು. ಏನನ್ನು ತೋರಿಸಿದರೂ ಅವರು ಕೇಳುತ್ತಿದ್ದದ್ದು ಒಂದೇ, "ಇದರಿಂದ ಲಾಭ ಏನು?" ಸಂಜೆಯ ಹೊತ್ತಿಗೆ ಅವರಿಗೆ ಲಾಭದ ಸಾಹೇಬರು ಎಂದು ಹೆಸರು ಬಿದ್ದಿತ್ತು. ತುಕ್ಕಿನ ತಾಕಿನ ಮುಂದೆ ನಿಂತು ಅವರು ಮೇಡಂ ಕಡೆ ತಿರುಗಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ಜನರ ತೆರಿಗೆ ದುಡ್ಡಲ್ಲಿ ಇಷ್ಟು ವರ್ಷ ರೋಗ ಸಾಕಿದ್ದೀರಿ. ನಾನು ಮೇಲಿನವರಿಗೆ ಏನಂತ ಹೇಳ್ಲಿ?"

ಮೇಡಂ ಹೊಸದಾಗಿ ಬಿಡುಗಡೆಯಾದ ತಳಿಯ ಬಗ್ಗೆ ಹೇಳಿದರು. ಹೊಳೆಯಾಚೆಯ ರೈತರು ಆಗಲೇ ಅದನ್ನು ಬಿತ್ತುತ್ತಿದ್ದರು. ಈಚೆಯವರು ಮಾತ್ರ "ನೋಡೋಣ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಸಾಹೇಬರು ಕೆಟ್ಟವರೇನಲ್ಲ. ಇನ್ನೊಂದು ಹಂಗಾಮು ನೋಡುತ್ತೇನೆ, ಈಚೆ ಕಡೆಯಲ್ಲೂ ಒಬ್ಬ ರೈತನ ಹೊಲದಲ್ಲಿ ಅದು ನಿಂತದ್ದನ್ನು ತೋರಿಸಿ ಎಂದು ಹೇಳಿ ಹೋದರು.

ಹೊಳೆಯ ಈಚೆ ಯಾರಿದ್ದಾರೆ? ಮೇಸ್ತ್ರಿ ತಂಗಿಯ ಮನೆಗೆ ಹೋದ. ಯಾರಿಗೂ ಯಾವ ಬೀಜವನ್ನೂ ಬಿತ್ತು ಎಂದು ಹೇಳಿದವನಲ್ಲ ಅವನು. ಅಂಥವನು ಹೊಸ ತಳಿಯ ಮಾತೆತ್ತಿದ. "ಎಲ್ಲಾ ಬೇಡಮ್ಮ. ಒಂದು ಮೂಲೆಗೆ ಹಾಕಿ ನೋಡಿ, ಸಾಕು."

"ರೋಗ ಬೆಳೆಯೋರ ಬೀಜ ನಮ್ಮ ಹೊಲಕ್ಕಾ, ಭಾವ?" ಎಂದು ತಂಗಿಯ ಗಂಡ ಎಂದಿನಂತೆ ನಕ್ಕ.

ಆ ನಗು ಅವತ್ತು ತಂಗಿಗೆ ಎಲ್ಲಿ ತಾಗಿತೋ ಏನೋ. ಅಣ್ಣ ಹೋದ ಮೇಲೆ ಅವಳು ಗಂಡನ ಮುಂದೆ ನಿಂತಳಂತೆ. "ಈ ಮನೆಗೆ ಬಂದಾಗಿಂದ ಹೊಲದ ವಿಷಯದಲ್ಲಿ ನನ್ನ ಒಂದು ಮಾತಾದ್ರೂ ನಡೆದಿದೆಯಾ? ಇದೊಂದು ನಡೀಲಿ. ಮೂಲೆಗಲ್ಲ, ಪೂರ್ತಿ ಹೊಲಕ್ಕೆ ಅದನ್ನೇ ಹಾಕೋಣ." ಮೂರು ದಿನ ಅವನ ತಲೆ ತಿಂದಳು. ಕೊನೆಗೆ ಅವನು ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಆಯ್ತು ಹಾಕೋಣ. ಕೆಟ್ರೆ ಮಾತ್ರ, ಇನ್ಮೇಲೆ ಹೊಲದ ವಿಷಯಕ್ಕೆ ನೀನು ಬಾಯಿ ತೆಗೆಯೋ ಹಾಗಿಲ್ಲ."

"ತೆಗೆಯಲ್ಲ" ಎಂದಳು.

ಪೂರ್ತಿ ಹೊಲ ಎಂದು ಕೇಳಿ ಮೇಸ್ತ್ರಿ ಗಾಬರಿಯಾದ. ಅವನು ಕೇಳಿದ್ದು ಒಂದು ಮೂಲೆ, ಹುಡುಗಿ ಇಡೀ ಬದುಕನ್ನೇ ಪಣಕ್ಕಿಟ್ಟು ಕೂತಿದ್ದಳು. ಬೆಳೆ ಕೆಟ್ಟರೆ ಒಂದು ವರ್ಷ ಹೇಗೋ ಸುಧಾರಿಸಿಕೊಂಡಾರು, ಆ ಮನೆಯಲ್ಲಿ ಅವಳು ಜೀವಮಾನವಿಡೀ ಮೂಕಿಯಾಗಿ ಬಾಳಬೇಕಲ್ಲ! ಅಂದಿನಿಂದ ಅವನಿಗೆ ನಿದ್ದೆ ಅಷ್ಟಕ್ಕಷ್ಟೆ.

ಬರುವುದು ಬಂದೇ ಬರುತ್ತದೆ ಎಂಬಂತೆ ಆ ವರ್ಷವೇ ತುಕ್ಕು ಬಂತು. ಚಳಿ ಬೇಗ ಹೋಗಿ, ಬೆಳಗಿನ ಇಬ್ಬನಿ ಮಾತ್ರ ಉಳಿದು, ರೋಗಕ್ಕೆ ಹೇಳಿ ಮಾಡಿಸಿದ ಹವೆ. ಹೊಳೆಯ ಈಚೆ ಒಂದೊಂದೇ ಹೊಲ ಕೆಂಪಾಗುತ್ತ ಬಂತು. ಹೊಲದಲ್ಲಿ ನಡೆದು ಬಂದವರ ಪ್ಯಾಂಟು ಮೊಳಕಾಲಿನವರೆಗೆ ಇಟ್ಟಿಗೆ ಭಟ್ಟಿಯಲ್ಲಿ ದುಡಿದವರದಂತೆ ಆಗುತ್ತಿತ್ತು.

"ನಮ್ಮ ತಳಿ ತಡೆಯುತ್ತಲ್ವಾ ಮೇಡಂ?" ಎಂದು ಮೇಸ್ತ್ರಿ ಕೇಳಿದ.

ಮೇಡಂ ಸುಳ್ಳು ಹೇಳುವವರಲ್ಲ, ಅದೇ ಅವರ ಒಂದು ತೊಂದರೆ. "ನಮ್ಮ ತಾಕಿನಲ್ಲಿರೋ ತುಕ್ಕನ್ನ ತಡೆಯುತ್ತೆ. ಈಗ ಬಂದಿರೋದು ಅದೇನಾ, ಇಲ್ಲಾ ಹೊಸ ವೇಷದ್ದಾ, ನನಗೂ ಗೊತ್ತಿಲ್ಲ. ಹೊಸದಾಗಿದ್ರೆ ಏನೂ ಹೇಳೋಕಾಗಲ್ಲ."

ಮೇಸ್ತ್ರಿ ತಂಗಿಯ ಹೊಲಕ್ಕೆ ಹೋಗಿ ನೋಡಿಬರಲೂ ಹೆದರಿದ. ತಾಕಿನವರಿಗೆ ಒಂದು ನಿಯಮವಿತ್ತು. ತುಕ್ಕಿನಲ್ಲಿ ಓಡಾಡಿದವರು ಅದೇ ಮೈಯಲ್ಲಿ, ಅದೇ ಬಟ್ಟೆಯಲ್ಲಿ ಇನ್ನೊಬ್ಬರ ಹೊಲ ಮೆಟ್ಟಬಾರದು. ಮೇಸ್ತ್ರಿ ಅದನ್ನು ಇನ್ನಷ್ಟು ಬಿಗಿಮಾಡಿಕೊಂಡು, ಹಂಗಾಮಿನಲ್ಲಿ ಯಾರ ಹೊಲಕ್ಕೂ ಕಾಲಿಡುತ್ತಲೇ ಇರಲಿಲ್ಲ. ಈಗ ಅದೇ ನೆಪವಾಯಿತು. ನಿಜ ಏನೆಂದರೆ, ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಅವನು ಊಟಕ್ಕೆಂದು ಮನೆಗೆ ಬಂದಿದ್ದಾಗ ತಂಗಿಯ ಫೋನು ಬಂತು. ಧ್ವನಿ ಸಣ್ಣಗಾಗಿತ್ತು.

"ಅಣ್ಣಾ, ಎಲೆ ಮೇಲೆ ಚುಕ್ಕೆ ಬಂದಿದೆ. ಹೊಲದ ತುಂಬ. ಹಸಿರಿರುವಾಗ್ಲೇ ಕೊಯ್ದ್ರೆ ದನಕ್ಕಾದ್ರೂ ಆಗುತ್ತೆ ಅಂತ ಇವ್ರು ಆಳು ಕರ್ಕೊಂಡು ಕುಡುಗೋಲು ತಗೊಂಡು ಹೋದ್ರು."

"ನಿಲ್ಸೋಕೆ ಹೇಳಮ್ಮ. ನಾನು ಬರ್ತೀನಿ."

"ನಾನು ಹೇಳಿದ್ರೆ ಕೇಳ್ತಾರಾ?" ಎಂದು ಅವಳು ಫೋನು ಇಟ್ಟಳು.

ಮೇಸ್ತ್ರಿ ನೇರವಾಗಿ ಬಚ್ಚಲಿಗೆ ನುಗ್ಗಿದ. ಹೆಂಡತಿ ಬಾಗಿಲು ಬಡಿದಳು. "ಅಲ್ಲಿ ಮನೆ ಹತ್ತಿ ಉರೀತಿದೆ, ನಿಮಗೆ ಸ್ನಾನ ಬೇಕಾ?"

"ಈ ಮೈಯಲ್ಲಿ ಹೋದ್ರೆ ನಾನೇ ಬೆಂಕಿ ಹೊತ್ಕೊಂಡು ಹೋದ ಹಾಗೆ. ಒಗೆದಿರೋ ಅಂಗಿ ಯಾವುದಿದೆ ಕೊಡು."

ಒಗೆದು ಇಸ್ತ್ರಿ ಮಾಡಿದ್ದು ಒಂದೇ ಒಂದಿತ್ತು. ಮದುವೆ ಮುಂಜಿಗೆಂದು ಅವಳೇ ಹೊಲಿದಿಟ್ಟಿದ್ದ ಉದ್ದ ತೋಳಿನ ಬಿಳಿ ಅಂಗಿ. ಕೊಡುವ ಮುಂಚೆ ಒಂದು ಗಳಿಗೆ ಅದನ್ನು ಎದೆಗವಚಿಕೊಂಡಳು, ಆಮೇಲೆ ಕೊಟ್ಟಳು.

ಬಸ್ಸಿಳಿದು ಅವನು ಹೊಲ ಮುಟ್ಟುವಷ್ಟರಲ್ಲಿ ತಂಗಿಯ ಗಂಡ ಮತ್ತು ಇಬ್ಬರು ಆಳುಗಳು ದೂರದ ಒಂದು ಮೂಲೆಯನ್ನು ಆಗಲೇ ಬೋಳಿಸಿದ್ದರು. ಹಾಲು ತುಂಬುವ ಹೊತ್ತಿನ ಹಸಿರು ತೆನೆಗಳು ರಾಶಿಯಾಗಿ ಬಿದ್ದಿದ್ದವು. ತಂಗಿ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದಳು, ಅಳುತ್ತಿರಲಿಲ್ಲ.

"ಒಂದು ನಿಮಿಷ ನಿಲ್ಲಿ" ಎಂದ. ಗಟ್ಟಿಯಾಗಿ ಬಯ್ಯಬೇಕೆಂದುಕೊಂಡೇ ಬಂದಿದ್ದ, ಆಗಲಿಲ್ಲ. ಕಾಯಿಲೆ ಬಿದ್ದಿದೆ ಎಂದು ಪೈರು ಕಿತ್ತವನು ತಾನೂ ಅಲ್ಲವೇ, ಯಾವ ಬಾಯಲ್ಲಿ ಬಯ್ಯುವುದು?

"ಭಾವ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ" ಎಂದ ತಂಗಿಯ ಗಂಡ. ಬೆವರು ಒರೆಸಿಕೊಂಡ. ಅವನ ಮುಖದಲ್ಲಿ ಅವತ್ತು ನಗು ಇರಲಿಲ್ಲ. "ಆದದ್ದು ಆಯ್ತು. ಮೇವಾದ್ರೂ ಉಳೀಲಿ ಬಿಡಿ."

ಮೇಸ್ತ್ರಿ ಪೈರಿನೊಳಕ್ಕೆ ಇಳಿದ. ಬಗ್ಗಿ ಒಂದು ಎಲೆ ಹಿಡಿದ. ಚುಕ್ಕೆ ಇದ್ದವು, ಸುಳ್ಳಲ್ಲ. ಸೂಜಿಮೊನೆ ತಾಗಿಸಿದಂತೆ ಹಳದಿ ಚುಕ್ಕೆಗಳು, ಎಲೆಯ ತುಂಬ. ತಾಕಿನಲ್ಲಿ ಇಂಥ ಎಲೆಗಳನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದ, ಅಲ್ಲಿ ಒಂದು ಸಲವೂ ಹೆದರಿರಲಿಲ್ಲ. ಎಲೆಯನ್ನು ಬಿಳಿ ಅಂಗಿಯ ಎಡತೋಳಿನ ಮೇಲಿಟ್ಟು, ಹೆಬ್ಬೆರಳಿನಿಂದ ಅದುಮಿ, ಬುಡದಿಂದ ತುದಿಯವರೆಗೆ ಎಳೆದ.

ತೋಳು ಬೆಳ್ಳಗೇ ಇತ್ತು.

ಇನ್ನೊಂದು ಎಲೆ ಎಳೆದ. ಹತ್ತು ಹೆಜ್ಜೆ ಒಳಗೆ ಹೋಗಿ ಇನ್ನೊಂದು. ನೆಲದ ಹತ್ತಿರದ ಹಳೆಯ ಎಲೆ, ತೆನೆಯ ಕೆಳಗಿನ ಹೊಸ ಎಲೆ, ನೀರು ನಿಲ್ಲುವ ತಗ್ಗಿನ ಎಲೆ. ಎಲ್ಲ ಕಡೆಯೂ ಚುಕ್ಕೆ, ಎಲ್ಲಿಯೂ ಪುಡಿಯಿಲ್ಲ. ಒಂದಿಷ್ಟು ಹಸಿರು ಬಿಟ್ಟರೆ ತೋಳಿಗೆ ಏನೂ ಅಂಟಿರಲಿಲ್ಲ. ಪೂರ್ತಿ ನೋಡಿದ ಮೇಲೆ, ಕಡೆಯದಾಗಿ ಬದು ದಾಟಿ ಪಕ್ಕದ ಹೊಲಕ್ಕೆ ಹೋದ. ಅದು ಒಬ್ಬ ಮುದುಕನದು, ಹಳೆಯ ಬೀಜದ್ದು. ಅಲ್ಲಿಯ ಒಂದೇ ಒಂದು ಎಲೆಯನ್ನು ಬಲತೋಳಿನ ಮೇಲೆ ಎಳೆದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಪಟ್ಟೆ ಎದ್ದಿತು.

ಮೇಸ್ತ್ರಿ ಬದುವಿನ ಮೇಲೆ ನಿಂತು ಎರಡು ತೋಳುಗಳನ್ನೂ ಮುಂದೆ ಚಾಚಿದ.

"ಕೊಯ್ಯಬೇಡಿ" ಎಂದ. "ಆ ಚುಕ್ಕೆ ರೋಗ ಅಲ್ಲ. ರೋಗ ಬಂದು ಒದೆ ತಿಂದು ಹೋದ ಗುರುತು. ತುಕ್ಕು ಎಲ್ಲಿ ಬಂದು ಕೂತಿತೋ ಅಲ್ಲಿ ಗಿಡ ತನ್ನದೇ ಒಂದು ಚೂರು ಎಲೆ ಸಾಯಿಸಿಬಿಡುತ್ತೆ. ತಿನ್ನೋಕೆ ಏನೂ ಸಿಗದೆ ತುಕ್ಕು ಅಲ್ಲೇ ಸಾಯುತ್ತೆ. ಒಂದೊಂದು ಚುಕ್ಕೆನೂ ಒಂದೊಂದು ಗೆದ್ದ ಜಗಳ."

ತಂಗಿಯ ಗಂಡ ಬಂದು ಒಂದು ತೋಳು ನೋಡಿದ, ಇನ್ನೊಂದು ನೋಡಿದ. ತಾನೇ ಒಂದು ಎಲೆ ಕಿತ್ತು ಎಡತೋಳಿನ ಮೇಲೆ ಉಜ್ಜಿದ, ಹುಡುಗರು ಬಳಪ ಉಜ್ಜುವ ಹಾಗೆ. ಏನೂ ಬರಲಿಲ್ಲ. ಆಮೇಲೆ ತಿರುಗಿ ಬೋಳಾದ ಮೂಲೆಯನ್ನು ನೋಡಿದ. "ಛೆ" ಎಂದ. ಕುಡುಗೋಲನ್ನು ಆಳಿನ ಕೈಗೆ ಕೊಟ್ಟು ಮನೆಗೆ ಹೋಗು ಎಂದ.

ಹೋದ ಜೀವ ಬಂದಂತಾಗಿ ಮೇಸ್ತ್ರಿ ಬದುವಿನ ಮೇಲೆ ಕೂತ. ಅವನಿಗೆ ಅಳು ಬಂತು, ತಡೆಯಲೂ ಇಲ್ಲ. ತಂಗಿ ಬಂದು ಪಕ್ಕದಲ್ಲಿ ಕೂತು, ಅಣ್ಣನ ಕೆಂಪು ತೋಳನ್ನು ಹಿಡಿದು ನೋಡಿ, "ಅತ್ತಿಗೆ ನಿನ್ನನ್ನ ಮನೆಗೆ ಸೇರಿಸಲ್ಲ ಬಿಡು" ಎಂದಳು. ಹಾಗೆಂದು ನಗಲು ಹೋಗಿ ಅವಳೂ ಅತ್ತಳು.

ಕೊಯ್ಲಿನ ಹೊತ್ತಿಗೆ ಲಾಭದ ಸಾಹೇಬರು ಬಂದರು. ಮೇಡಂ ಅವರನ್ನು ಕಚೇರಿಯಲ್ಲಿ ಕೂರಿಸದೆ ನೇರವಾಗಿ ತಂಗಿಯ ಹೊಲದ ಬದುವಿಗೆ ಕರೆತಂದರು. ಒಂದು ಕಡೆ ತೆನೆ ಬಾಗಿ ನಿಂತ ಗೋಧಿ, ಇನ್ನೊಂದು ಕಡೆ ಮುದುಕನ ಹೊಲದಲ್ಲಿ ಜೊಳ್ಳು. ಸಾಹೇಬರು ಎರಡೂ ಕಡೆಯ ತೆನೆ ಉಜ್ಜಿ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಒಂದು ಕೈಯದನ್ನು ಬಾಯಿಗೆ ಹಾಕಿಕೊಂಡರು, ಇನ್ನೊಂದು ಕೈಯದು ಗಾಳಿಗೆ ಹಾರಿತು. ಮುದುಕ ತನ್ನ ಹೊಲದಿಂದ ನೋಡುತ್ತಿದ್ದ. ಅವನ ಮುಖ ನೋಡಿದ ಮೇಸ್ತ್ರಿಗೆ ತನ್ನ ಸಂತೋಷದ ಬಗ್ಗೆ ಕೊಂಚ ನಾಚಿಕೆಯಾಯಿತು. ತಂಗಿ ಮಾತ್ರ ಅವತ್ತು ಬೆಳಗ್ಗೆಯೇ ಹೋಗಿ ಮುದುಕನಿಗೆ ಬಿತ್ತನೆಗೆ ಬೇಕಾದಷ್ಟು ಬೀಜ ಎತ್ತಿಡುತ್ತೇನೆ ಎಂದು ಹೇಳಿಬಂದಿದ್ದಳು.

ವಾಪಸು ಬರುವಾಗ ಸಾಹೇಬರು ಪೇಟೆಯ ಬ್ರೆಡ್ಡಿನ ಅಂಗಡಿಯ ಮುಂದೆ ಜೀಪು ನಿಲ್ಲಿಸಿ ಚಹಾ ಕುಡಿಸಿದರು. ಭಟ್ಟಿಯ ಬಿಸಿ ಬೀದಿಗೆ ಬರುತ್ತಿತ್ತು. ಅಂಗಡಿಯವನು ಬ್ರೆಡ್ಡು ಕೊಯ್ಯುತ್ತಿದ್ದ.

"ಈ ವರ್ಷ ಬ್ರೆಡ್ಡಿನ ರೇಟು ಏರಿಸಿದ್ರಾ?" ಎಂದು ಸಾಹೇಬರು ಕೇಳಿದರು.

"ಯಾಕೆ ಏರಿಸ್ಬೇಕು ಸಾರ್? ಹಿಟ್ಟು ಬರೋ ಹಾಗೇ ಬರ್ತಿದೆ. ಈ ವರ್ಷ ಏನೂ ಆಗಿಲ್ವಲ್ಲ" ಎಂದ ಅಂಗಡಿಯವನು.

ಸಾಹೇಬರು ಲೋಟ ಕೆಳಗಿಟ್ಟರು. "ಕೇಳಿದ್ರಾ ಮೇಡಂ? ಏನೂ ಆಗಿಲ್ಲ! ಹೊಳೆಯಾಚೆ ನಿಮ್ಮ ತಳಿ ಇರ್ಲಿಲ್ಲ ಅಂದ್ರೆ ಇವನು ಇವತ್ತು ನನ್ನ ಜೊತೆ ಜಗಳ ಆಡ್ತಿದ್ದ. ಆಗದೇ ಇದ್ದ ನಷ್ಟವನ್ನೇ ನಾನು ಲೆಕ್ಕ ಕಟ್ಟಬೇಕು. ಕಟ್ಟಿದೆ ಕೂಡ. ಹಾಕಿದ ದುಡ್ಡು ಇಷ್ಟು ಪಟ್ಟು ತಿರುಗಿ ಬಂದ ಜಾಗ ನನ್ನ ಸರ್ವಿಸಿನಲ್ಲಿ ನಾನು ಬೇರೆ ನೋಡಿಲ್ಲ."

"ಹಾಗಾದ್ರೆ ತಾಕು ಉಳಿಯುತ್ತಾ ಸಾರ್?" ಮೇಸ್ತ್ರಿ ಕೇಳಿಯೇಬಿಟ್ಟ.

"ಉಳಿಸ್ತೀನಪ್ಪ. ಕಷ್ಟ ಏನು ಗೊತ್ತಾ? ಬಿತ್ತಿದ್ದು ಕೈಗೆ ಬರೋಕೆ ಹದಿನೈದು ವರ್ಷ. ದುಡ್ಡು ಕೊಡೋ ಮಂತ್ರಿ ಇರೋದು ಐದು ವರ್ಷ. ಮಗು ಹುಟ್ಟೋ ಹೊತ್ತಿಗೆ ಅಪ್ಪನೇ ಊರಲ್ಲಿರಲ್ಲ." ತಮ್ಮ ಮಾತಿಗೆ ತಾವೇ ನಕ್ಕು, ಎಲ್ಲರ ಚಹಾಕ್ಕೂ ತಾವೇ ಕೊಟ್ಟರು. ಲಾಭದ ಸಾಹೇಬರು ಜೇಬಿಗೆ ಕೈ ಹಾಕಿದರೆಂಬ ಸುದ್ದಿ ಕೇಂದ್ರದಲ್ಲಿ ಒಂದು ವಾರ ಓಡಾಡಿತು.

ಮುಂದಿನ ಬಿತ್ತನೆಗೆ ಸ್ವಲ್ಪ ಮುಂಚೆ ಮೇಸ್ತ್ರಿ ತಂಗಿಯ ಮನೆಗೆ ಹೋದ. ಹೊರಗಿನ ಜಗಲಿಯ ಮೇಲೆ ಆ ಮುದುಕ, ಇನ್ನೂ ನಾಲ್ಕೈದು ರೈತರು, ಎದುರಿಗೆ ತಂಗಿಯ ಗಂಡ. ಈ ವರ್ಷ ಏನು ಬಿತ್ತುವುದೆಂಬ ಮಾತು ನಡೆದಿತ್ತು. ಎಲ್ಲರೂ ಹೊಸ ತಳಿಯನ್ನೇ ಊರಿಡೀ ಹಾಕೋಣ ಎನ್ನುತ್ತಿದ್ದರು. ಹೋದ ವರ್ಷ ಮೂಗು ಮುರಿದವರದೇ ಈಗ ದೊಡ್ಡ ಗಂಟಲು. ಮೇಸ್ತ್ರಿಯನ್ನು ಕಂಡು, "ಬನ್ನಿ, ನೀವೇ ಹೇಳಿಬಿಡಿ" ಎಂದು ಒಬ್ಬ ಜಾಗ ಮಾಡಿದ.

ತಂಗಿಯ ಗಂಡ ಕೈ ಅಡ್ಡ ಹಿಡಿದ. "ಭಾವ ಒಂದು ಮೂಲೆಗೆ ಸಾಕು ಅಂದಿದ್ರು. ಪೂರ್ತಿ ಹಾಕೋಣ ಅಂದವಳು ಅವಳು. ಅವಳನ್ನೇ ಕೇಳೋಣ." ಒಳಗೆ ತಿರುಗಿ ಕೂಗಿದ, "ಬಾ ಇಲ್ಲಿ. ಏನು ಬಿತ್ತೋಣ ಅಂತ ಕೇಳ್ತಿದ್ದಾರೆ, ನೀನೇ ಹೇಳು."

ತಂಗಿ ಕೈ ಒರೆಸಿಕೊಳ್ಳುತ್ತ ಬಂದಳು. ಅಷ್ಟು ಜನ ತನ್ನ ಬಾಯಿ ನೋಡುತ್ತಿರುವುದನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಗಂಡ ಎದ್ದು ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆಗೆ ಸರಿಸಿದ. ಅವಳು ಕೂತಳು.

"ಎಲ್ಲರೂ ಅದೊಂದನ್ನೇ ಹಾಕಬೇಡಿ" ಎಂದಳು. "ನಾನು ಮೇಡಂನ ಕೇಳಿದ್ದೀನಿ. ಇವತ್ತು ಸೋತ ತುಕ್ಕು ನಾಳೆ ಹೊಸ ದಾರಿ ಕಲಿಯುತ್ತಂತೆ. ಮೂರರಲ್ಲಿ ಒಂದು ಪಾಲು ಬೇರೆ ತಳಿ ಹಾಕಿ. ಅದರ ಬೀಜನೂ ಕೇಂದ್ರದಲ್ಲಿ ಸಿಗುತ್ತೆ."

ಮುದುಕ ತಲೆದೂಗಿದ. ಯಾವ ಪಾಲು ಯಾವ ಹೊಲಕ್ಕೆ ಎಂದು ಅವಳನ್ನೇ ಕೇಳಿದ. ಅವಳು ಹೇಳತೊಡಗಿದಳು, ಗಂಡ ನಿಂತುಕೊಂಡೇ ಕೇಳುತ್ತಿದ್ದ. ಮೇಸ್ತ್ರಿಗೆ ಅಲ್ಲಿ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಅವನು ಗೋಡೆಗೆ ಒರಗಿ ಕಾಲು ಚಾಚಿಕೊಂಡ, ಮಾತು ಮುಗಿಯುವ ಮುಂಚೆ ಅಲ್ಲೇ ಅವನಿಗೆ ನಿದ್ದೆ ಹತ್ತಿತು.